ಹಣ್ಣಿನ ಮರದ ಯಾವ ಭಾಗ ಮದ್ದು? ಓದುಗರ ಪ್ರಶ್ನೆಗಳಿಗೆ ಉತ್ತರ

ಹಣ್ಣಿನ ಮರಗಳ ಔಷಧೀಯ ಗುಣ ಮತ್ತು ಅವುಗಳಲ್ಲಿರುವ ರಾಸಾಯನಿಕಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳವು. ಬಯಲುಸೀಮೆಯ ಹಿತ್ತಿಲು, ಹೊಲದ ಬದು, ಗುಡ್ಡಗಳಲ್ಲಿ ಕಾಣುವ ಮರಗಳನ್ನೇ ಓದುಗರು ಕೇಳಿರುವುದರಿಂದ ಉತ್ತರ ಬರೆಯುವುದು ನನಗೂ ಹಿತವೆನಿಸಿತು. ನಾನು ದಾವಣಗೆರೆಯಲ್ಲಿ ಔಷಧ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದವನೇ ಹೊರತು ವೈದ್ಯನಲ್ಲ. ಆದ್ದರಿಂದ ಇಲ್ಲಿರುವುದು ವಸ್ತುವಿನ ವಿವರಣೆ ಎಂದು ತಿಳಿಯಬೇಕು. ಇದನ್ನು ಯಾರ ಕಾಯಿಲೆಗೂ ಬರೆದ ಚೀಟಿ ಎಂದುಕೊಳ್ಳಬಾರದು.

ಪ್ರಶ್ನೆ: ನಮ್ಮ ಅತ್ತೆಯವರು ಸೀತಾಫಲದ ಬೀಜವನ್ನು ಒಣಗಿಸಿ, ಕುಟ್ಟಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮಗಳ ತಲೆಗೆ ಹಚ್ಚಿದರು. ಹೇನು ಹೋದವು. ಆದರೆ ಅದೇ ರಾತ್ರಿ ಮಗುವಿನ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ ಅಳಲಾರಂಭಿಸಿದಳು. ಹಣ್ಣನ್ನು ನಾವೆಲ್ಲ ಚಿಕ್ಕಂದಿನಿಂದ ತಿಂದಿದ್ದೇವೆ, ಏನೂ ಆಗಿಲ್ಲ. ಬೀಜ ಮಾತ್ರ ಹೀಗೇಕೆ? (ಚಿತ್ರದುರ್ಗ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ನಿಮ್ಮ ಅತ್ತೆಯವರು ಹೇಳಿದ ಮದ್ದು ಸುಳ್ಳಲ್ಲ, ಅದು ಹೇನನ್ನು ಕೊಲ್ಲುತ್ತದೆ. ಹೇನನ್ನು ಕೊಲ್ಲುವ ಆ ವಸ್ತುವಿಗೆ ಹೇನು ಯಾವುದು, ಕಣ್ಣು ಯಾವುದು ಎಂಬ ಭೇದವಿಲ್ಲ ಎಂಬುದೇ ತೊಂದರೆಯ ಮೂಲ. ಸೀತಾಫಲದ ಬೀಜದಲ್ಲಿ ಅಸಿಟೊಜೆನಿನ್ ಎಂಬ ಗುಂಪಿನ ಸಂಯುಕ್ತಗಳಿವೆ. ಇವು ಉದ್ದನೆಯ ಕೊಬ್ಬಿನಾಮ್ಲದ ಸರಪಳಿಯಿಂದ ಹುಟ್ಟಿದ, ಮೇಣದಂಥ ವಸ್ತುಗಳು. ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಸುಲಭವಾಗಿ ಕರಗುವುದರಿಂದ, ಪುಡಿಯನ್ನು ಎಣ್ಣೆಯಲ್ಲಿ ಕಲಸಿದಾಗ ನಾವು ಅರಿಯದೆಯೇ ಅವನ್ನು ಬೀಜದಿಂದ ಹೊರಗೆ ಎಳೆದುಕೊಂಡಂತಾಗುತ್ತದೆ. ಅವುಗಳಲ್ಲಿ ಪ್ರಮುಖವಾದ ಸ್ಕ್ವಾಮೋಸಿನ್, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಮೊದಲ ಹಂತವನ್ನೇ ತಡೆದುಬಿಡುತ್ತದೆ. ಶಕ್ತಿ ನಿಂತ ಕೋಶ ಸಾಯುತ್ತದೆ, ಅದು ಹೇನಿನದಾದರೂ ಸರಿ, ಕಣ್ಣಿನ ಕರಿಗುಡ್ಡೆಯ ಮೇಲಿರುವ ತೆಳುಪೊರೆಯದಾದರೂ ಸರಿ. ತಲೆಯ ಬೆವರು ಇಳಿದು, ಇಲ್ಲವೇ ತಲೆ ತೊಳೆಯುವಾಗ ನೀರು ಹರಿದು, ಪುಡಿ ಕಣ್ಣಿಗೆ ಸೇರಿದಾಗ ಆ ಪೊರೆ ಸುಲಿದುಹೋಗುತ್ತದೆ. ಉರಿ, ನೀರು ಸುರಿಯುವುದು, ಬೆಳಕು ತಡೆಯಲಾಗದಿರುವುದು ಇವೆಲ್ಲ ಅದರ ಲಕ್ಷಣಗಳು. ಇಂಥ ಪ್ರಕರಣಗಳನ್ನು ನಮ್ಮ ದೇಶದ ನೇತ್ರವೈದ್ಯರು ಅನೇಕ ಬಾರಿ ವರದಿ ಮಾಡಿದ್ದಾರೆ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಪೊರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಹಾಗಾದರೆ ಹಣ್ಣು ತಿನ್ನುವಾಗ ಎಷ್ಟೋ ಸಲ ಬೀಜ ನುಂಗಿದ್ದೇವಲ್ಲ ಎಂದು ನೀವು ಕೇಳಬಹುದು. ಬೀಜದ ಹೊರಸಿಪ್ಪೆ ಬಹಳ ಗಟ್ಟಿ. ಇಡಿಯಾಗಿ ನುಂಗಿದರೆ ಅದು ಒಡೆಯದೆ ಹೊಟ್ಟೆ ದಾಟಿ ಹೋಗುತ್ತದೆ. ಈಗಿನ ಕಾಲದ ಅಪಾಯವಿರುವುದು ಮಿಕ್ಸಿಯಲ್ಲಿ: ತಿರುಳಿನ ಜೊತೆ ಬೀಜವನ್ನೂ ಹಾಕಿ ಹಾಲು ಸೇರಿಸಿ ತಿರುಗಿಸಿದರೆ ಆ ಕವಚ ಒಡೆಯುತ್ತದೆ. ಬೀಜ ಬಿಡಿಸುವ ಬೇಸರಕ್ಕೆ ಈ ಕೆಲಸ ಮಾಡಬೇಡಿ. ಬೀಜದ ಪುಡಿಯನ್ನು ಗರ್ಭ ಇಳಿಸಲು ಬಳಸುವ ಹಳೆಯ ರೂಢಿಯಂತೂ ತಾಯಿಯ ಜೀವಕ್ಕೇ ಕುತ್ತು.

ಕಣ್ಣಿಗೆ ಬಿದ್ದಾಗ ಮೊದಲು ಮಾಡಬೇಕಾದದ್ದು ಶುದ್ಧ ನೀರನ್ನು ಧಾರಾಳವಾಗಿ ಹರಿಸಿ ಕನಿಷ್ಠ 15 ನಿಮಿಷ ತೊಳೆಯುವುದು, ನಂತರ ನೇತ್ರವೈದ್ಯರ ಬಳಿ ಹೋಗಿ ಬೀಜದ ಸಂಗತಿಯನ್ನು ಮುಚ್ಚಿಡದೆ ಹೇಳುವುದು. ಹರಳೆಣ್ಣೆ, ಎದೆಹಾಲು ಇವನ್ನು ಕಣ್ಣಿಗೆ ಬಿಡಬಾರದು. ಎಣ್ಣೆಯಂತೂ ಉಳಿದ ವಿಷವನ್ನು ಇನ್ನಷ್ಟು ಹರಡುತ್ತದೆ. ಹೇನಿಗೆ ಔಷಧ ಅಂಗಡಿಯಲ್ಲಿ ಸಿಗುವ ಪರ್ಮೆಥ್ರಿನ್ ಲೋಷನ್ ಇದೆ. ಅದು ಎಲ್ಲ ಸೀರನ್ನೂ ಕೊಲ್ಲದ ಕಾರಣ ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಚ್ಚಬೇಕಾಗುತ್ತದೆ. ಇದರ ಜೊತೆಗೆ ಒದ್ದೆ ತಲೆಗೆ ಸೀರಣಿಗೆ ಹಿಡಿದು ಕೂರುವ ಹಳೆಯ ತಾಳ್ಮೆಯೂ ಇದ್ದರೆ ಸಾಕು.

ಪ್ರಶ್ನೆ: ನಮ್ಮ ಚಿಕ್ಕಪ್ಪನವರಿಗೆ ಕರುಳಿನ ಕ್ಯಾನ್ಸರ್. ಲಕ್ಷ್ಮಣಫಲವು ಕಿಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ ಎಂಬ ಸಂದೇಶ ಮೊಬೈಲಿಗೆ ಬಂದ ಮೇಲೆ ಅವರು ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ, ದಿನಕ್ಕೆ ಮೂರು ಲೋಟ ಎಲೆಯ ಕಷಾಯ ಕುಡಿಯುತ್ತಿದ್ದಾರೆ. ಇದರಲ್ಲಿ ನಿಜವೆಷ್ಟು? (ದಾವಣಗೆರೆ ನಗರದಿಂದ)

ಉತ್ತರ: ಆ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ, ಆದ್ದರಿಂದಲೇ ಅದು ಹೆಚ್ಚು ಅಪಾಯಕಾರಿ. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಲಕ್ಷ್ಮಣಫಲದ ಬೀಜದಿಂದ ಬೇರ್ಪಡಿಸಿದ ಒಂದು ಅಸಿಟೊಜೆನಿನ್, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್ ಎಂಬ ಕಿಮೋಥೆರಪಿ ಔಷಧಕ್ಕಿಂತ 10,000 ಪಟ್ಟು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿತು. ಗಮನಿಸಿ: ಅದು ಬೀಜದ ವಸ್ತು, ಹಣ್ಣಿನದೂ ಎಲೆಯ ಕಷಾಯದ್ದೂ ಅಲ್ಲ, ಶುದ್ಧ ಸಂಯುಕ್ತ, ಕುದಿಸಿದ ನೀರಲ್ಲ, ತಟ್ಟೆಯಲ್ಲಿನ ಕೋಶ, ಮನುಷ್ಯನಲ್ಲ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಸ್ತುಗಳಿಗೆ ಲೆಕ್ಕವಿಲ್ಲ, ಆಸಿಡ್ ಸುರಿದರೂ ಅವು ಸಾಯುತ್ತವೆ. ಲಕ್ಷ್ಮಣಫಲ ತಿಂದು ಅಥವಾ ಅದರ ಕಷಾಯ ಕುಡಿದು ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಯಾವ ಚಿಕಿತ್ಸಾ ಪ್ರಯೋಗವೂ ತೋರಿಸಿಲ್ಲ.

ಇನ್ನೊಂದು ಮಗ್ಗುಲನ್ನು ಆ ಸಂದೇಶ ಹೇಳುವುದಿಲ್ಲ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ, ಆದರೆ ಅದರ ಮಾಮೂಲಿ ಔಷಧಕ್ಕೆ ಸರಿಯಾಗಿ ಸ್ಪಂದಿಸದ ನರರೋಗವೊಂದು ಅಸಹಜವಾಗಿ ಹೆಚ್ಚಾಗಿರುವುದನ್ನು ಫ್ರೆಂಚ್ ವೈದ್ಯರು 1999ರಲ್ಲಿ ವರದಿ ಮಾಡಿದರು. ಆ ರೋಗಿಗಳು ಲಕ್ಷ್ಮಣಫಲವನ್ನೂ ಅದರ ಎಲೆಯ ಚಹಾವನ್ನೂ ಹೆಚ್ಚಾಗಿ ಸೇವಿಸುತ್ತಿದ್ದರು. ಅದರಲ್ಲಿರುವ ಅನೊನಾಸಿನ್ ಎಂಬ ಅಸಿಟೊಜೆನಿನ್ ಇಲಿಗಳ ಮಿದುಳಿಗೆ ಹಾನಿ ಮಾಡುವುದು ನಂತರದ ಪ್ರಯೋಗಗಳಲ್ಲಿ ಕಂಡಿತು. ಒಂದು ಸಾಧಾರಣ ಗಾತ್ರದ ಹಣ್ಣಿನಲ್ಲಿ ಸುಮಾರು 15 ಮಿಲಿಗ್ರಾಂ ಅನೊನಾಸಿನ್ ಇರುತ್ತದೆಂದು ಫ್ರೆಂಚ್ ಸಂಶೋಧಕರು ಅಳೆದಿದ್ದಾರೆ. ಹಣ್ಣೇ ಆ ರೋಗಕ್ಕೆ ಕಾರಣವೆಂಬುದು ಸಂಪೂರ್ಣವಾಗಿ ಸಿದ್ಧಪಟ್ಟಿಲ್ಲ. ಆದರೂ ವರ್ಷಕ್ಕೆ ಒಂದೆರಡು ಸಲ ರುಚಿಗೆ ತಿನ್ನುವುದಕ್ಕೂ ದಿನಕ್ಕೆ ಮೂರು ಲೋಟದಂತೆ ತಿಂಗಳುಗಟ್ಟಲೆ ಕುಡಿಯುವುದಕ್ಕೂ ಇರುವ ದೂರ ಬಹಳ ದೊಡ್ಡದು.

ನಿಮ್ಮ ಚಿಕ್ಕಪ್ಪನವರೊಂದಿಗೆ ವಾದ ಮಾಡಿ ಕಷಾಯ ಬಿಡಿಸುವುದಕ್ಕಿಂತ ಅವರನ್ನು ಕ್ಯಾನ್ಸರ್ ತಜ್ಞರ ಮುಂದೆ ಕೂರಿಸುವುದು ತುರ್ತಿನ ಕೆಲಸ. ಕರುಳಿನ ಕ್ಯಾನ್ಸರ್ ಬೇಗ ಸಿಕ್ಕಿದರೆ ಶಸ್ತ್ರಚಿಕಿತ್ಸೆಯಿಂದಲೇ ವಾಸಿಯಾಗುವ ಸಂಭವ ಹೆಚ್ಚು, ಕಳೆದ ವಾರಗಳು ಮಾತ್ರ ಹಿಂದಕ್ಕೆ ಬರುವುದಿಲ್ಲ. ಹಾಗೆಯೇ ಒಂದು ಮಾತು: ಸೀತಾಫಲ, ರಾಮಫಲ, ಲಕ್ಷ್ಮಣಫಲ ಎಂದು ನಾವು ಇಡೀ ರಾಮಾಯಣವನ್ನೇ ಕಟ್ಟಿದ ಈ ಕುಟುಂಬ ಮೂಲತಃ ಅಮೆರಿಕ ಖಂಡದ ಉಷ್ಣವಲಯದ್ದು. ಋಷಿಮುನಿಗಳು ಬಳಸುತ್ತಿದ್ದ ಫಲ ಎಂದು ಸಂದೇಶದಲ್ಲಿ ಸೇರಿಸಿದ್ದರೆ ಅದನ್ನೂ ನಂಬಬೇಕಾಗಿಲ್ಲ.

ಪ್ರಶ್ನೆ: ನಮ್ಮ ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲು ಕಂದುಗಟ್ಟಿವೆ, ಹಿರಿಯರಿಗೆ ಮಂಡಿ, ಬೆನ್ನು ನೋವು. ಹುಣಸೆಹಣ್ಣು ತಿಂದರೆ ಫ್ಲೋರೈಡ್ ಹೊರಹೋಗುತ್ತದೆ ಎನ್ನುತ್ತಾರೆ. ನಿಜವೇ? (ಜಗಳೂರು ತಾಲ್ಲೂಕಿನಿಂದ)

ಉತ್ತರ: ಈ ಬಾರಿಯ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು, ಏಕೆಂದರೆ ಇಲ್ಲಿ ಊರಿನ ಮಾತಿಗೆ ಪ್ರಯೋಗದ ಬೆಂಬಲ ಸ್ವಲ್ಪಮಟ್ಟಿಗೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಶಾಲಾ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಊಟದೊಂದಿಗೆ ಕೊಟ್ಟು ಅವರ ಮೂತ್ರವನ್ನು ಪರೀಕ್ಷಿಸಿದರು. ಹುಣಸೆ ತಿಂದ ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುವ ಫ್ಲೋರೈಡ್ ಸ್ಪಷ್ಟವಾಗಿ ಹೆಚ್ಚಿತ್ತು. 2002ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. ಫ್ಲೋರೈಡ್ ಹೆಚ್ಚು ಹೊರಹೋಯಿತು ಎಂಬಷ್ಟನ್ನೇ ಅದು ತೋರಿಸಿದೆ. ಬಗ್ಗಿದ ಮೂಳೆ ನೆಟ್ಟಗಾಗುತ್ತದೆ, ಕಂದುಗಟ್ಟಿದ ಹಲ್ಲು ಬೆಳ್ಳಗಾಗುತ್ತದೆ ಎಂದು ಅದು ಹೇಳಿಲ್ಲ. ಹಲ್ಲಿನ ಕಲೆ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಆದದ್ದು, ಯಾವ ಹುಳಿಯೂ ಅದನ್ನು ತೊಳೆಯದು.

ಹುಣಸೆಯ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ಹಣ್ಣುಗಳ ಲೋಕದಲ್ಲಿ ಇದು ಅಷ್ಟು ಸಾಮಾನ್ಯವಲ್ಲ. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ, ಮಾವಿನಕಾಯಿಯಲ್ಲಿ ಸಿಟ್ರಿಕ್ ಮತ್ತು ಮ್ಯಾಲಿಕ್, ಆದರೆ ದ್ರಾಕ್ಷಿ ಮತ್ತು ಹುಣಸೆ ಟಾರ್ಟಾರಿಕ್‌ನ ಮನೆಗಳು. ಸಾರಿಗೆ, ತೊಕ್ಕಿಗೆ ಬಳಸುವಷ್ಟು ಹುಣಸೆ ನಿಮ್ಮ ಅಡುಗೆಮನೆಯಲ್ಲಿ ಹೇಗೂ ಇದೆ, ಅದನ್ನು ಮುಂದುವರಿಸಿ. ರಾಗಿ ಮತ್ತು ಹಾಲಿನ ಸುಣ್ಣದಂಶ ಕರುಳಿನಲ್ಲೇ ಫ್ಲೋರೈಡನ್ನು ಹಿಡಿದು, ರಕ್ತಕ್ಕೆ ಸೇರುವ ಪಾಲನ್ನು ತಗ್ಗಿಸುತ್ತದೆ, ಆದ್ದರಿಂದ ಅವೂ ಊಟದಲ್ಲಿರಲಿ.

ಆದರೆ ರೋಗದ ಬೇರು ನೀರಿನಲ್ಲಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರು ಇಲ್ಲವೇ ಇಲ್ಲವೆಂದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಬಹಳ ಮನೆಗಳಲ್ಲಿ ನೀರನ್ನು ಕುದಿಸಿ ಕುಡಿದರೆ ಸರಿಹೋಗುತ್ತದೆಂಬ ನಂಬಿಕೆಯಿದೆ. ಕುದಿಸಿದರೆ ರೋಗಾಣು ಸಾಯುತ್ತವೆ ನಿಜ, ಆದರೆ ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ. ಮಳೆನೀರು ಸಂಗ್ರಹ ಅಥವಾ ಊರಿನ ಶುದ್ಧ ನೀರಿನ ಘಟಕದ ನೀರು ಅಡುಗೆಗೂ ಕುಡಿಯಲೂ ಬಳಕೆಯಾಗಬೇಕು. ಕುಡಿಯಲು ಶುದ್ಧ ನೀರು ತಂದು, ಬೇಳೆ ಬೇಯಿಸಲು ಕೊಳವೆಬಾವಿಯ ನೀರನ್ನೇ ಸುರಿಯುವ ಮನೆಗಳನ್ನು ನಾನೇ ಕಂಡಿದ್ದೇನೆ.

ಹುಣಸೆ ಬೀಜದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಹುಣಸೆ ಬೀಜದ ಹಿಟ್ಟು ನೂಲಿಗೆ ಗಂಜಿ ಹಾಕಲು ಬಳಕೆಯಾಗುವುದು ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ದಾವಣಗೆರೆಯ ಹಿರಿಯರಿಗೆ ಹೊಸ ಸುದ್ದಿಯಾಗಲಾರದು. ಆ ಹಿಟ್ಟಿನ ಜಿಗುಟಿಗೆ ಕಾರಣವಾದ ಜೈಲೊಗ್ಲುಕ್ಯಾನ್ ಎಂಬ ಪಾಲಿಸ್ಯಾಕರೈಡನ್ನು (ಸಕ್ಕರೆಯ ಕೊಂಡಿಗಳು ಸರಪಳಿಯಾಗಿ ಸೇರಿದ ವಸ್ತು) ಶುದ್ಧೀಕರಿಸಿ, ಒಣಗುವ ಕಣ್ಣಿಗೆ ಹಾಕುವ ಹನಿ ಔಷಧಗಳಲ್ಲಿ ಬಳಸುತ್ತಾರೆ. ಸೀತಾಫಲದ ಬೀಜ ಕಣ್ಣಿನ ಪೊರೆ ಸುಲಿಯುತ್ತದೆ, ಹುಣಸೆಯ ಬೀಜ ಅದೇ ಪೊರೆಗೆ ತೇವ ಕಾಯುತ್ತದೆ. ಇದನ್ನೋದಿ ಯಾರೂ ಮನೆಯಲ್ಲಿ ಹುಣಸೆ ಬೀಜ ಅರೆದು ಕಣ್ಣಿಗೆ ಬಿಟ್ಟುಕೊಳ್ಳಬಾರದು. ಕಾರ್ಖಾನೆಯ ಶುದ್ಧೀಕರಣವೂ ಕ್ರಿಮಿಶುದ್ಧಿಯೂ ಒರಳುಕಲ್ಲಿನಲ್ಲಿ ಸಾಧ್ಯವಿಲ್ಲ.

ಪ್ರಶ್ನೆ: ನೇರಳೆ ಬೀಜದ ಪುಡಿಯಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದಾದರೆ ಮಾತ್ರೆ ನಿಲ್ಲಿಸಬಹುದೇ? (ಹಿರಿಯೂರಿನಿಂದ)

ಉತ್ತರ: ನಿಲ್ಲಿಸಬಾರದು. ನೇರಳೆ ಬೀಜದಲ್ಲಿ ಗ್ಯಾಲಿಕ್ ಆಮ್ಲ, ಎಲ್ಲಾಜಿಕ್ ಆಮ್ಲ ಮತ್ತು ಅವುಗಳಿಂದಾದ ಟ್ಯಾನಿನ್‌ಗಳು ಹೇರಳವಾಗಿವೆ. ಹಣ್ಣು ತಿಂದಾಗ ನಾಲಿಗೆ ಒಗರುಗಟ್ಟುವುದು ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ, ನೀಲಿಯಾಗುವುದು ಆಂಥೋಸಯನಿನ್ ಬಣ್ಣಗಳಿಂದ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಬೀಜದ ಸಾರ ಪ್ರಯೋಗಾಲಯದಲ್ಲಿ ತಡೆಯುತ್ತದೆ, ಇಲಿಗಳಲ್ಲಿ ಸಕ್ಕರೆ ಇಳಿಸಿದ್ದೂ ಉಂಟು. ಮನುಷ್ಯರ ವಿಷಯ ಬೇರೆ. ಬ್ರೆಜಿಲ್ ದೇಶದಲ್ಲಿಯೂ ಜನ ನೇರಳೆ ಎಲೆಯ ಚಹಾವನ್ನು ಮಧುಮೇಹಕ್ಕೆ ಕುಡಿಯುತ್ತಾರೆ. ಅಲ್ಲಿನ ವೈದ್ಯರು ಅದನ್ನು ಒಂದು ಮಾಮೂಲಿ ಮಾತ್ರೆಯೊಂದಿಗೆ ಹೋಲಿಸಿ ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಮಾತ್ರೆ ಸಕ್ಕರೆಯನ್ನು ಇಳಿಸಿತು, ಚಹಾ ಇಳಿಸಲಿಲ್ಲ. ಬೀಜಕ್ಕೆ ಎಲೆಯ ಫಲಿತಾಂಶ ಅನ್ವಯಿಸಬೇಕೆಂದೇನಿಲ್ಲ, ಆದರೆ ಮಾತ್ರೆಯ ಸ್ಥಾನವನ್ನು ಬೀಜ ತುಂಬೀತು ಎನ್ನಲು ಬೇಕಾದ ಗಟ್ಟಿ ಸಾಕ್ಷ್ಯವೂ ಇಲ್ಲ.

ಗಿಡಮೂಲಿಕೆಯ ಬಗ್ಗೆ ತಾತ್ಸಾರದಿಂದ ಈ ಮಾತು ಹೇಳುತ್ತಿಲ್ಲ. ನೀವು ನುಂಗುತ್ತಿರುವುದು ಮೆಟ್‌ಫಾರ್ಮಿನ್ ಆಗಿದ್ದರೆ, ಅದರ ಪೂರ್ವಜ ಯುರೋಪಿನ ಗಲೇಗ ಎಂಬ ಗಿಡದಲ್ಲಿದ್ದ ಗಲೇಗಿನ್. ಆ ವಸ್ತು ವಿಷಕಾರಿಯಾಗಿದ್ದರಿಂದ ರಸಾಯನವಿಜ್ಞಾನಿಗಳು ಅದರ ರಚನೆಯನ್ನು ತಿದ್ದಿ, ಅಳತೆ ಗೊತ್ತುಮಾಡಿ, 1957ರ ಹೊತ್ತಿಗೆ ಮನುಷ್ಯರಿಗೆ ಕೊಡುವಂತಾಯಿತು. ನೇರಳೆ ಬೀಜ ಇನ್ನೂ ಆ ದಾರಿಯ ಆರಂಭದಲ್ಲಿದೆ. ಪುಡಿ ತೆಗೆದುಕೊಳ್ಳಲೇಬೇಕೆಂದಿದ್ದರೆ ವೈದ್ಯರಿಗೆ ತಿಳಿಸಿ, ಮಾತ್ರೆಯ ಜೊತೆಗೆ ತೆಗೆದುಕೊಂಡು, ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರುವುದೇ ಎಂದು ಗಮನಿಸಿ. ಇನ್ಸುಲಿನ್ ಮೇಲಿರುವ ಮಕ್ಕಳಿಗಂತೂ ಒಂದು ಹೊತ್ತಿನ ಇನ್ಸುಲಿನ್ನನ್ನೂ ಇದಕ್ಕಾಗಿ ತಪ್ಪಿಸಬಾರದು.

ಪ್ರಶ್ನೆ: ನಮ್ಮದು ದಾಳಿಂಬೆ ತೋಟ. ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಹೊಟ್ಟೆಹುಳುವಿಗೂ ಭೇದಿಗೂ ಮನೆಮಂದಿಗೆ ಕೊಡಬಹುದೇ? (ಹೊಸದುರ್ಗದಿಂದ)

ಉತ್ತರ: ನಿಮ್ಮ ತೋಟದ ಸಿಪ್ಪೆಯನ್ನು ಕೊಡಬೇಡಿ. ಕಾರಣ ದಾಳಿಂಬೆಯ ದೋಷವಲ್ಲ, ಸಿಂಪಡಣೆ. ದುಂಡಾಣು ಅಂಗಮಾರಿ ರೋಗಕ್ಕೆ ತಾಮ್ರದ ಔಷಧಗಳನ್ನೂ ಸ್ಟ್ರೆಪ್ಟೊಮೈಸಿನ್ ಇರುವ ಪುಡಿಯನ್ನೂ, ಹುಳುಗಳಿಗೆ ಕೀಟನಾಶಕವನ್ನೂ ಹೊಡೆಯುವುದು ನಿಮಗೇ ಗೊತ್ತು. ಅವೆಲ್ಲ ಮೊದಲು ಕೂರುವುದು ಸಿಪ್ಪೆಯ ಮೇಲೆ. ಕಾಳನ್ನು ತಿಂದು ಸಿಪ್ಪೆ ಎಸೆಯುವವನಿಗೆ ತಟ್ಟದ ಭಾಗವನ್ನೇ ನೀವು ಒಣಗಿಸಿ ದಟ್ಟವಾಗಿಸಿ ಮನೆಯವರಿಗೆ ಕೊಟ್ಟಂತಾಗುತ್ತದೆ.

ಸಿಪ್ಪೆಯ ಮುಖ್ಯ ಸಂಯುಕ್ತ ಪ್ಯುನಿಕಲಜಿನ್ ಎಂಬ ದೊಡ್ಡ ಟ್ಯಾನಿನ್. ಭೇದಿಯಲ್ಲಿ ಕರುಳನ್ನು ಬಿಗಿಗೊಳಿಸುವ ಗುಣ ಅದರದು. ಹುಳು ಕೀಳುವ ಗುಣ ಮಾತ್ರ ಬೇರು ಮತ್ತು ಕಾಂಡದ ತೊಗಟೆಯಲ್ಲಿರುವ ಪೆಲೆಟೈರಿನ್ ಎಂಬ ಆಲ್ಕಲಾಯ್ಡಿನದು (ಸಸ್ಯಗಳಲ್ಲಿ ಸಿಗುವ ಸಾರಜನಕಯುಕ್ತ ಸಂಯುಕ್ತಗಳ ಗುಂಪು ಆಲ್ಕಲಾಯ್ಡ್). ಮಲೇರಿಯಾ ಔಷಧವಾದ ಕ್ವಿನೈನನ್ನು ಬೇರ್ಪಡಿಸಿದ ಇಬ್ಬರಲ್ಲಿ ಒಬ್ಬನಾದ ಪೆಲೆಟಿಯೆಯ ನೆನಪಿಗೆ ಇಟ್ಟ ಹೆಸರು ಅದು. ಲಾಡಿಹುಳುವಿಗೆ ಇದು ಒಂದು ಕಾಲದಲ್ಲಿ ಯುರೋಪಿನ ಆಸ್ಪತ್ರೆಗಳಲ್ಲೂ ನಡೆಯುತ್ತಿತ್ತು. ಪ್ರಮಾಣ ಮೀರಿದಾಗ ತಲೆಸುತ್ತು, ದೃಷ್ಟಿ ಮಂಕಾಗುವುದು ಕಂಡು ಕೈಬಿಟ್ಟರು. ಈಗ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಉಚಿತವಾಗಿ ಆಲ್ಬೆಂಡಜೋಲ್ ಕೊಡುತ್ತಾರೆ, ಎರಡು ವರ್ಷ ಮೀರಿದವರಿಗೆ 400 ಮಿಲಿಗ್ರಾಂ. ಭೇದಿಗೆ ಮೊದಲು ಬೇಕಾದದ್ದು ಓಆರ್‌ಎಸ್ ನೀರು.

ಪ್ರಶ್ನೆ: ಡೆಂಗಿ ಬಂದಾಗ ಪರಂಗಿ ಎಲೆಯ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆಯೇ? (ಹರಿಹರದಿಂದ)

ಉತ್ತರ: ಏರುವುದನ್ನು ಕೆಲವು ಪ್ರಯೋಗಗಳು ತೋರಿಸಿವೆ, 2013ರಲ್ಲಿ ಮಲೇಷ್ಯಾದಿಂದ ಬಂದದ್ದು ಅವುಗಳಲ್ಲೊಂದು. ಎಲೆಯಲ್ಲಿರುವ ಕಾರ್ಪೈನ್ ಎಂಬ ಆಲ್ಕಲಾಯ್ಡ್ ಇದಕ್ಕೆ ಕಾರಣವಿರಬಹುದೆಂಬ ಊಹೆಯಿದೆ. ಆದರೆ ಡೆಂಗಿಯಲ್ಲಿ ಜ್ವರ ಇಳಿದ ಒಂದೆರಡು ದಿನಗಳ ನಂತರ ಪ್ಲೇಟ್‌ಲೆಟ್ ತಾನಾಗಿಯೇ ಏರಲಾರಂಭಿಸುತ್ತದೆ, ಆ ಹೊತ್ತಿಗೆ ಕುಡಿದ ರಸಕ್ಕೆ ಹೆಸರು ಬರುತ್ತದೆ. ಜೀವ ಹೋಗುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಸಂಖ್ಯೆಯಿಂದಲ್ಲ, ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದರಿಂದ. ಅದನ್ನು ಎಲೆಯ ರಸ ತಡೆಯುತ್ತದೆಂದು ಯಾರೂ ತೋರಿಸಿಲ್ಲ. ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ರಸದ ಲೋಟ ಕೆಳಗಿಟ್ಟು ಆಸ್ಪತ್ರೆಗೆ ಓಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಬಾಯಿಗಿಳಿಯದ ಆ ಕಹಿ ರಸದಿಂದ ವಾಂತಿಯಾಗಿ ರೋಗಿಯ ನೀರಿನಂಶ ಇನ್ನೂ ತಗ್ಗುವುದಾದರೆ, ಎಳನೀರು, ಗಂಜಿಯೇ ಲೇಸು.

ಪ್ರಶ್ನೆ: ಬೆಟ್ಟದ ನೆಲ್ಲಿಕಾಯಿಯನ್ನು ಒಣಗಿಸಿದರೆ ಸಿ ಜೀವಸತ್ವ ಉಳಿಯುತ್ತದೆಯೇ? (ಚನ್ನಗಿರಿಯಿಂದ)

ಉತ್ತರ: ಸ್ವಲ್ಪ ಉಳಿಯುತ್ತದೆ. ಬಿಸಿಲಿಗಿಂತ ನೆರಳಿನಲ್ಲಿ ಒಣಗಿಸಿದರೆ ನಷ್ಟ ಕಡಿಮೆ. ನೂರು ಗ್ರಾಂಗೆ 600 ಮಿಲಿಗ್ರಾಂ ಎಂದು ಹಳೆಯ ಕೋಷ್ಟಕಗಳಲ್ಲಿರುವ ಅಂಕಿಯನ್ನು ಮಾತ್ರ ಈಗ ನೆಚ್ಚಬೇಡಿ. ನಂತರದ ಅಳತೆಗಳು ಅದಕ್ಕಿಂತ ಬಹಳ ಕೆಳಗಿವೆ. ಕೆಳಗಿದ್ದರೂ ಒಂದು ತಾಜಾ ಕಾಯಿ ದಿನದ ಅಗತ್ಯವನ್ನು ಹೆಚ್ಚುಕಡಿಮೆ ಪೂರೈಸುತ್ತದೆ.

ಪ್ರಶ್ನೆ: ನನ್ನ ಗಂಡನಿಗೆ ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಮತ್ತು ಕೊಲೆಸ್ಟ್ರಾಲ್ ಮಾತ್ರೆಗಳೂ ಇವೆ. ಬೆಂಗಳೂರಿನ ನೆಂಟರು ಚಕ್ಕೋತವನ್ನೂ ಕಮರಾಕ್ಷಿಯನ್ನೂ ತಂದಿದ್ದಾರೆ. ಹಣ್ಣು ತಾನೇ, ಕೊಡಬಹುದಲ್ಲವೇ? (ಚಳ್ಳಕೆರೆಯಿಂದ)

ಉತ್ತರ: ಕಮರಾಕ್ಷಿಯನ್ನು ಒಂದು ಹೋಳೂ ಕೊಡಬೇಡಿ. ಅಡ್ಡ ಕತ್ತರಿಸಿದರೆ ಐದು ಮೂಲೆಯ ನಕ್ಷತ್ರದಂತೆ ಕಾಣುವ ಈ ಹಣ್ಣಿನಲ್ಲಿ ಮೂತ್ರಪಿಂಡದಲ್ಲಿ ಹರಳುಗಟ್ಟಬಲ್ಲ ಆಕ್ಸಲೇಟ್ ಹೆಚ್ಚಿರುವುದಲ್ಲದೆ, 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಗುರುತಿಸಿದ ಕ್ಯಾರಂಬಾಕ್ಸಿನ್ ಎಂಬ ನರವಿಷವೂ ಇದೆ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ಮಿದುಳಿಗೆ ಏರಿ, ಬಿಡದ ಬಿಕ್ಕಳಿಕೆಯಿಂದ ಆರಂಭವಾಗಿ ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವಿನವರೆಗೂ ಒಯ್ಯುತ್ತದೆ. ಈಗಾಗಲೇ ತಿಂದಿದ್ದು ಬಿಕ್ಕಳಿಕೆ ಶುರುವಾಗಿದ್ದರೆ ನೀರು ಕುಡಿಸುತ್ತ ಕೂರದೆ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಇಂಥ ಹಣ್ಣು ತಿಂದಿದ್ದಾರೆಂದು ಹೇಳಬೇಕು.

ಚಕ್ಕೋತದ ಕಥೆ ಬೇರೆ. ಅದರ ಹತ್ತಿರದ ಸಂಬಂಧಿಯಾದ ಗ್ರೇಪ್‌ಫ್ರೂಟ್ ರಸವನ್ನು ಕೆನಡಾದ ಸಂಶೋಧಕರು ಮದ್ಯದ ರುಚಿ ಮರೆಸಲೆಂದು ಒಂದು ಪ್ರಯೋಗದಲ್ಲಿ ಬಳಸಿದಾಗ, ಫೆಲೋಡಿಪಿನ್ ಎಂಬ ರಕ್ತದೊತ್ತಡದ ಔಷಧದ ಮಟ್ಟ ರಕ್ತದಲ್ಲಿ ನಿರೀಕ್ಷೆಗಿಂತ ಬಹಳ ಹೆಚ್ಚಾಗಿದ್ದುದು ಆಕಸ್ಮಿಕವಾಗಿ ಕಂಡಿತು. 1989ರಲ್ಲಿ ಇದು ಪ್ರಕಟವಾಯಿತು. ಹಣ್ಣಿನ ಫ್ಯುರಾನೊಕೌಮರಿನ್‌ಗಳು ಕರುಳಿನಲ್ಲಿ ಔಷಧ ಒಡೆಯುವ ಕಿಣ್ವವನ್ನು ಕೆಡಿಸಿಬಿಡುತ್ತವೆ, ಹೊಸ ಕಿಣ್ವ ಹುಟ್ಟುವವರೆಗೆ ಒಂದು ಮಾತ್ರೆ ಹಲವು ಮಾತ್ರೆಗಳಷ್ಟು ಕೆಲಸ ಮಾಡುತ್ತದೆ. ಚಕ್ಕೋತದಲ್ಲಿಯೂ ಇದೇ ಗುಂಪಿನ ವಸ್ತುಗಳಿವೆ. ಪರಿಣಾಮ ಒಂದು ದಿನಕ್ಕಿಂತ ಹೆಚ್ಚು ಉಳಿಯುವುದರಿಂದ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ನಡೆಯದು. ನಿಮ್ಮ ಯಜಮಾನರ ಮಾತ್ರೆ ಹಾಳೆಯ ಹಿಂಬದಿಯಲ್ಲಿ ಫೆಲೋಡಿಪಿನ್, ನಿಫೆಡಿಪಿನ್, ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಇವುಗಳಲ್ಲಿ ಯಾವ ಹೆಸರಾದರೂ ಇದ್ದರೆ ಚಕ್ಕೋತವನ್ನು ನೆರೆಮನೆಗೆ ಕೊಟ್ಟುಬಿಡಿ, ಅವರೂ ಇದೇ ಮಾತ್ರೆ ನುಂಗುವವರಲ್ಲವೆಂದು ಮೊದಲು ಕೇಳಿಕೊಂಡು.